ಚಲನಪಥದ ಒಡೆತನ: ಗಣಕಯಂತ್ರದ ಅನಿಮೇಷನ್ ಮತ್ತು ಪೇಟೆಂಟು ವಿವಾದಗಳು

ಹೈದರಾಬಾದ್ ನಗರದ ವಾಯವ್ಯ ಭಾಗದಲ್ಲಿರುವ ಬಾಲಾನಗರವು ಕೈಗಾರಿಕಾ ಪ್ರದೇಶವೆಂದೇ ಹೆಸರಾದುದು. ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಒಂದು ವಿಭಾಗ ಇಲ್ಲಿದೆ. ಲೇತ್ ಯಂತ್ರ, ಡ್ರಿಲ್ ಯಂತ್ರಗಳನ್ನು ಇಟ್ಟುಕೊಂಡು ದುಡಿಯುವ ಸಣ್ಣ ಕಾರ್ಯಾಗಾರಗಳು ಬೀದಿಬೀದಿಗಳಲ್ಲಿವೆ. 1968ರಲ್ಲಿ ಭಾರತ ಸರ್ಕಾರವು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಗಳ ನೆರವಿನಿಂದ ಸ್ಥಾಪಿಸಿದ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಟೂಲ್ ಡಿಸೈನ್ ಎಂಬ ತರಬೇತಿ ಸಂಸ್ಥೆಯೂ ಇಲ್ಲಿಯೇ ಇದೆ. ಅಚ್ಚು, ಡೈ ಮತ್ತು ಕತ್ತರಿಸುವ ಉಪಕರಣಗಳ ವಿನ್ಯಾಸವನ್ನು ಕಲಿಸುವುದು ಅದರ ಮುಖ್ಯ ಕಾರ್ಯ.

ಇಂತಹ ಕಾರ್ಯಾಗಾರಗಳಲ್ಲಿ ಇಂದು ಉಕ್ಕಿನ ತುಂಡಿಗೆ ಉಪಕರಣ ತಗಲುವ ಮೊದಲೇ ಕೆಲಸದ ಬಹುಭಾಗ ಮುಗಿದಿರುತ್ತದೆ. ಗಣಕಯಂತ್ರದ ಪರದೆಯ ಮೇಲೆ ಉಕ್ಕಿನ ತುಂಡಿನ ಚಿತ್ರವಿರುತ್ತದೆ. ಅದರ ಮೇಲೆ ಕತ್ತರಿಸುವ ಉಪಕರಣದ ಚಿತ್ರವು ಗೊತ್ತಾದ ದಾರಿಯಲ್ಲಿ ಇಳಿದು, ಹರಿದು, ತಿರುಗಿ, ಮೇಲೇಳುತ್ತದೆ. ದಾರಿಯಲ್ಲಿ ಎಲ್ಲಿಯೂ ಅಡಚಣೆಯಿಲ್ಲವೆಂದು ಕಂಡ ಮೇಲೆ ಅದೇ ಅಂಕಿಗಳನ್ನು ನಿಜವಾದ ಮಿಲ್ಲಿಂಗ್ ಯಂತ್ರಕ್ಕೆ ಒಪ್ಪಿಸಲಾಗುತ್ತದೆ. ಪರದೆಯ ಮೇಲಿನ ಈ ಓಡಾಟ ಒಂದು ಬಗೆಯ ಅನಿಮೇಷನ್ ಚಿತ್ರವೇ. ಉಪಕರಣವು ಹಿಡಿಯುವ ದಾರಿಯನ್ನು ಲೆಕ್ಕಹಾಕುವ ಗಣಿತಕ್ಕೂ, ಮಕ್ಕಳ ಚಿತ್ರದಲ್ಲಿ ಚೆಂಡು ಹಾರುವ ದಾರಿಯನ್ನು ಲೆಕ್ಕಹಾಕುವ ಗಣಿತಕ್ಕೂ ಮೂಲ ಒಂದೇ. ಈ ದಾರಿಗೆ ಚಲನಪಥವೆಂದು ಹೆಸರು.

ಚಲನಪಥವನ್ನು ರೂಪಿಸುವ ವಿಧಾನವು ಒಬ್ಬರ ಸ್ವತ್ತಾಗಬಹುದೇ? ಆಗಬಹುದಾದರೆ, ಯಾವುದರ ಮೇಲೆ ಹಕ್ಕು, ಎಷ್ಟು ಕಾಲ, ಎಷ್ಟು ದೂರದವರೆಗೆ? ಈ ಪ್ರಶ್ನೆಯ ಸುತ್ತ ಕಳೆದ ಕೆಲವು ದಶಕಗಳಲ್ಲಿ ದೊಡ್ಡ ವ್ಯಾಜ್ಯಗಳು ನಡೆದಿವೆ. 2008ರಿಂದ ಕಿರುತೆರೆಯಲ್ಲಿ ಮನೆಮಾತಾದ ‘ಛೋಟಾ ಭೀಮ್’ ರೂಪುಗೊಂಡದ್ದು ಹೈದರಾಬಾದಿನಲ್ಲಿ. ಬೆಂಗಳೂರಿನಲ್ಲಿಯೂ ಅನಿಮೇಷನ್ ಮತ್ತು ಆಟಗಳ ತಂತ್ರಾಂಶವನ್ನು ಸಿದ್ಧಪಡಿಸುವ ಸಂಸ್ಥೆಗಳಿವೆ. ಆದುದರಿಂದ ಈ ವ್ಯಾಜ್ಯಗಳು ದೂರದ ಊರಿನ ಸುದ್ದಿಯಾಗಿ ಉಳಿದಿಲ್ಲ.

ಚುಕ್ಕಿಗಳ ನಡುವಣ ಗೆರೆ

ಚಲನಪಥವೆಂದರೇನೆಂಬುದನ್ನು ಅರಿಯಲು ಮನೆಯಂಗಳದ ಚುಕ್ಕಿ ರಂಗೋಲಿಯನ್ನು ನೆನೆದರೆ ಸಾಕು. ಮೊದಲು ಚುಕ್ಕಿಗಳನ್ನು ಇಡುತ್ತಾರೆ. ಬಳಿಕ ಅವುಗಳನ್ನು ಬಳಸಿಕೊಂಡು ಗೆರೆ ಎಳೆಯುತ್ತಾರೆ. ಚುಕ್ಕಿಗಳು ಅವೇ ಆದರೂ ಎಳೆಯುವ ಕೈ ಬೇರೆಯಾದರೆ ಗೆರೆಯ ಬಳುಕು ಬೇರೆಯಾಗುತ್ತದೆ.

ಕೈಯಿಂದ ಬರೆದ ಅನಿಮೇಷನ್ ಚಿತ್ರಗಳಲ್ಲಿಯೂ ಕ್ರಮ ಹೀಗೆಯೇ ಇತ್ತು. ಚಲನಚಿತ್ರದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟುಗಳು ಹಾದುಹೋಗುತ್ತವೆ. ಹಿರಿಯ ಕಲಾವಿದನು ಚಲನೆಯ ಮುಖ್ಯ ಘಟ್ಟಗಳನ್ನು ಮಾತ್ರ ಬರೆಯುತ್ತಿದ್ದನು. ಅವುಗಳಿಗೆ ಮುಖ್ಯ ಚೌಕಟ್ಟುಗಳೆಂದು ಹೆಸರು. ನಡುವಿನ ಚೌಕಟ್ಟುಗಳನ್ನು ತುಂಬುವುದು ಸಹಾಯಕರ ಪಾಲಿನ ದುಡಿಮೆ. ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ನೆಸ್ಟರ್ ಬರ್ಟ್ನಿಕ್ ಮತ್ತು ಮಾರ್ಸೆಲಿ ವೈನ್ ಎಂಬ ಇಬ್ಬರು 1970ರ ಸುಮಾರಿಗೆ ಈ ಸಹಾಯಕರ ಕೆಲಸವನ್ನು ಗಣಕಯಂತ್ರಕ್ಕೆ ಒಪ್ಪಿಸುವ ವ್ಯವಸ್ಥೆಯನ್ನು ರೂಪಿಸಿದರು. ಅದನ್ನು ಬಳಸಿ ಪೀಟರ್ ಫೋಲ್ಡೆಸ್ ಅವರು 1974ರಲ್ಲಿ ‘ಹಂಗರ್’ ಎಂಬ ಕಿರುಚಿತ್ರವನ್ನು ತಯಾರಿಸಿದರು.

ನಡುವಿನ ಗೆರೆಯನ್ನು ಬಳುಕಿಸುವ ಗಣಿತ ಬಂದದ್ದು ಚಿತ್ರಮಂದಿರದಿಂದಲ್ಲ, ಮೋಟಾರು ಕಾರಿನ ಕಾರ್ಖಾನೆಯಿಂದ ಎಂಬುದು ಕುತೂಹಲದ ಸಂಗತಿ. ಕಾರಿನ ಮೈಯನ್ನು ತಗಡಿನಿಂದ ಒತ್ತಿ ತೆಗೆಯುವ ಡೈಗಳಿಗೆ ಬಾಗಿದ ಮೇಲ್ಮೈಗಳನ್ನು ಕರಾರುವಾಕ್ಕಾಗಿ ಕೊರೆಯಬೇಕಾಗಿತ್ತು. ಫ್ರಾನ್ಸಿನ ಸಿಟ್ರೊಯೆನ್ ಕಂಪನಿಯಲ್ಲಿದ್ದ ಪಾಲ್ ದ ಕಾಸ್ಟೆಲ್ಜೊ 1959ರಲ್ಲಿ ಇದಕ್ಕೊಂದು ವಿಧಾನವನ್ನು ಕಂಡುಕೊಂಡರು. ಕಂಪನಿಯು ಅದನ್ನು ಗುಟ್ಟಾಗಿ ಇಟ್ಟಿತು. ರೆನೊ ಕಂಪನಿಯ ಪಿಯರ್ ಬೆಜಿಯರ್ ಸ್ವತಂತ್ರವಾಗಿ ಇದೇ ಬಗೆಯ ವಕ್ರರೇಖೆಗಳನ್ನು ರೂಪಿಸಿ 1960ರ ದಶಕದಲ್ಲಿ ಪ್ರಕಟಿಸಿದರು. ಜಗತ್ತು ಆ ರೇಖೆಗಳನ್ನು ಬೆಜಿಯರ್ ವಕ್ರರೇಖೆಗಳೆಂದೇ ಕರೆಯುತ್ತಿದೆ. ಅನಿಮೇಷನ್ ತಂತ್ರಾಂಶದಲ್ಲಿ ಒಂದು ವಸ್ತುವಿನ ದಾರಿಯನ್ನು ಇಲಿಯ ಸಹಾಯದಿಂದ ಎಳೆದು ಬಾಗಿಸುವಾಗ ಕಲಾವಿದರು ಬಳಸುವುದೂ ಸಾಮಾನ್ಯವಾಗಿ ಇವನ್ನೇ. ಬಾಲಾನಗರದ ಡೈ ವಿನ್ಯಾಸಕನಿಗೂ ಅನಿಮೇಷನ್ ಕಲಾವಿದನಿಗೂ ಹೀಗೆ ಒಂದೇ ಮನೆತನದ ನಂಟು.

ಗುಟ್ಟು ಮತ್ತು ಪ್ರಕಟಣೆ

ಪೇಟೆಂಟಿನ ಮೂಲ ತತ್ತ್ವವನ್ನು ಈ ಇಬ್ಬರು ಫ್ರೆಂಚರ ಕಥೆಯಿಂದಲೇ ವಿವರಿಸಬಹುದು. ಹೊಸ ವಿಧಾನವೊಂದನ್ನು ಕಂಡುಕೊಂಡವನು ಅದನ್ನು ಗುಟ್ಟಾಗಿ ಇಟ್ಟುಕೊಳ್ಳಬಹುದು. ಆಗ ಬೇರೊಬ್ಬನು ಅದನ್ನೇ ತಾನಾಗಿ ಕಂಡುಹಿಡಿದರೆ ತಡೆಯಲಾಗುವುದಿಲ್ಲ, ಹೆಸರೂ ಉಳಿಯದಿರಬಹುದು. ಇಲ್ಲವೆ, ವಿಧಾನವನ್ನು ಪೂರ್ಣವಾಗಿ ಬರೆದು ಸರ್ಕಾರಕ್ಕೆ ಒಪ್ಪಿಸಬಹುದು. ಅದನ್ನು ಎಲ್ಲರೂ ಓದಲು ಅವಕಾಶವಾಗುತ್ತದೆ. ಪ್ರತಿಫಲವಾಗಿ, ಇತರರು ಅದನ್ನು ಬಳಸದಂತೆ ತಡೆಯುವ ಹಕ್ಕು ಸೀಮಿತ ಅವಧಿಗೆ ದೊರೆಯುತ್ತದೆ. ಭಾರತದಲ್ಲಿ ಈಗ ಈ ಅವಧಿ ಅರ್ಜಿ ಸಲ್ಲಿಸಿದ ದಿನದಿಂದ 20 ವರ್ಷ. ಆ ಬಳಿಕ ವಿಧಾನವು ಸಾರ್ವಜನಿಕರದಾಗುತ್ತದೆ.

ಹಕ್ಕಿನ ಎಲ್ಲೆಯನ್ನು ನಿರ್ಧರಿಸುವುದು ಅರ್ಜಿಯ ಕೊನೆಯಲ್ಲಿ ಬರುವ ಹಕ್ಕುಕೋರಿಕೆಗಳು. ಹೊಲದ ಸರ್ವೆ ಕಲ್ಲುಗಳಿದ್ದಂತೆ ಇವು. ಶೀರ್ಷಿಕೆಯಲ್ಲಿ ಎಷ್ಟು ದೊಡ್ಡ ಮಾತಿದ್ದರೂ, ಕಲ್ಲು ನೆಟ್ಟ ಗಡಿಯಾಚೆ ಹಕ್ಕು ಸಾಗುವುದಿಲ್ಲ. ಪತ್ರಿಕೆಗಳಲ್ಲಿ ‘ಅನಿಮೇಷನ್ ಮೇಲೆ ಪೇಟೆಂಟು’ ಎಂಬ ತಲೆಬರಹ ಕಂಡು ಗಾಬರಿಯಾಗುವವರು ಈ ಒಂದು ಅಂಶವನ್ನು ಮರೆತಿರುತ್ತಾರೆ.

ಯಂತ್ರಗಳ ಚಲನಪಥಕ್ಕೆ ಸಂಬಂಧಿಸಿದ ಹಳೆಯ ಪೇಟೆಂಟುಗಳು ಇದಕ್ಕೆ ಒಳ್ಳೆಯ ನಿದರ್ಶನ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಜಾನ್ ಪಾರ್ಸನ್ಸ್ ಎಂಬ ಉದ್ಯಮಿ ಹೆಲಿಕಾಪ್ಟರಿನ ರೆಕ್ಕೆಗಳನ್ನು ತಯಾರಿಸುತ್ತಿದ್ದರು. ರೆಕ್ಕೆಯ ಅಂಚಿನ ಬಾಗನ್ನು ಪರೀಕ್ಷಿಸುವ ಮಾದರಿ ಫಲಕಗಳನ್ನು ಕೊರೆಯುವುದು ತೊಡಕಿನ ಕೆಲಸವಾಗಿತ್ತು. ಅವರೂ ಅವರ ಎಂಜಿನಿಯರ್ ಫ್ರಾಂಕ್ ಸ್ಟೂಲೆನ್ ಅವರೂ ರಂಧ್ರ ಕೊರೆದ ಕಾರ್ಡುಗಳನ್ನು ಓದುವ ಲೆಕ್ಕದ ಯಂತ್ರದಿಂದ ಬಾಗಿನ ಮೇಲಿನ ನೂರಾರು ಬಿಂದುಗಳ ಅಳತೆಯನ್ನು ಪಡೆದರು. ಆ ಅಂಕಿಗಳಂತೆ ಯಂತ್ರವನ್ನು ಒಂದೊಂದೇ ಬಿಂದುವಿಗೆ ನಡೆಸಿದರು. ಚುಕ್ಕಿ ರಂಗೋಲಿಯನ್ನು ಲೋಹದ ಮೇಲೆ ಬಿಡಿಸಿದಂತಾಯಿತು. 1952ರ ಮೇ ತಿಂಗಳಿನಲ್ಲಿ ಅವರು ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. 1958ರ ಜನವರಿಯಲ್ಲಿ ಅದು ಮಂಜೂರಾಯಿತು. ಪಾರ್ಸನ್ಸ್ ಕೊಟ್ಟ ಗುತ್ತಿಗೆಯನ್ನು ಮುಂದುವರಿಸುತ್ತಿದ್ದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ತಂಡವು 1952ರ ಆಗಸ್ಟ್‌ನಲ್ಲಿ ತನ್ನದೇ ಅರ್ಜಿಯನ್ನು ಸಲ್ಲಿಸಿತು; ಅದಕ್ಕೆ 1962ರಲ್ಲಿ ಪೇಟೆಂಟು ದೊರೆಯಿತು. ಒಂದೇ ಯಂತ್ರ, ಒಂದೇ ಉದ್ದೇಶ, ಆದರೂ ಪೇಟೆಂಟುಗಳು ಎರಡು. ಒಂದು ಕೋರಿದ್ದು ಉಪಕರಣವನ್ನು ಸ್ಥಾನಕ್ಕೆ ಒಯ್ಯುವ ಸಾಧನವನ್ನು; ಇನ್ನೊಂದು ಕೋರಿದ್ದು ಅಂಕಿಗಳಿಂದ ಚಲನೆಯನ್ನು ನಿಯಂತ್ರಿಸುವ ವ್ಯವಸ್ಥೆಯನ್ನು. ಬಾಗಿದ ದಾರಿಯ ಮೇಲೆ ಇಬ್ಬರಿಗೂ ಒಡೆತನ ಬರಲಿಲ್ಲ. ದಾರಿ ಹಿಡಿಯುವ ಬಗೆಯೊಂದರ ಮೇಲೆ ಬಂದಿತು.

ಔಷಧ ಕಾರ್ಖಾನೆಯ ಪಾಠ

ಈ ವ್ಯತ್ಯಾಸವನ್ನು ಬಾಲಾನಗರವು ಬೇರೊಂದು ಉದ್ಯಮದಲ್ಲಿ ಕಣ್ಣಾರೆ ಕಂಡಿದೆ. ಸಾರ್ವಜನಿಕ ವಲಯದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯು 1961ರಲ್ಲಿ ಸ್ಥಾಪನೆಯಾಯಿತು. ಅದರ ಸಂಶ್ಲೇಷಿತ ಔಷಧಗಳ ಕಾರ್ಖಾನೆಯನ್ನು ಸೋವಿಯತ್ ನೆರವಿನಿಂದ ಕಟ್ಟಿದ್ದು ಇಲ್ಲಿಯೇ. ಆ ಕಾಲದಲ್ಲಿ ದೇಶದಲ್ಲಿ 1911ರ ಕಾಯಿದೆ ಜಾರಿಯಲ್ಲಿತ್ತು. ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯನ್ನು ಆಧರಿಸಿ 1970ರಲ್ಲಿ ಹೊಸ ಪೇಟೆಂಟು ಕಾಯಿದೆ ರಚಿತವಾಗಿ, 1972ರ ಏಪ್ರಿಲ್ 20ರಿಂದ ಜಾರಿಗೆ ಬಂದಿತು. ಔಷಧದ ಮೇಲೆ ಪೇಟೆಂಟು ಇಲ್ಲ, ಅದನ್ನು ತಯಾರಿಸುವ ವಿಧಾನದ ಮೇಲೆ ಮಾತ್ರ, ಅದೂ ಮೊಟಕಾದ ಅವಧಿಗೆ ಎಂಬುದು ಅದರ ತಿರುಳು.

ಪರಿಣಾಮವೇನಾಯಿತೆಂದರೆ, ಒಂದೇ ಔಷಧವನ್ನು ಬೇರೆ ರಾಸಾಯನಿಕ ದಾರಿಯಿಂದ ತಯಾರಿಸುವ ಜಾಣ್ಮೆಗೆ ಬೆಲೆ ಬಂದಿತು. ಈ ಕಾರ್ಖಾನೆಯಲ್ಲಿ ದುಡಿದು ಪಳಗಿದ ರಸಾಯನಶಾಸ್ತ್ರಜ್ಞರಲ್ಲಿ ಹಲವರು ಸ್ವಂತ ಉದ್ಯಮಗಳನ್ನು ಆರಂಭಿಸಿದರು, 1984ರಲ್ಲಿ ಡಾ. ರೆಡ್ಡೀಸ್ ಲ್ಯಾಬೊರೇಟರೀಸ್ ಸ್ಥಾಪಿಸಿದ ಕೆ. ಅಂಜಿ ರೆಡ್ಡಿಯವರು ಅವರಲ್ಲಿ ಪ್ರಸಿದ್ಧರು. ವಿಶ್ವ ವ್ಯಾಪಾರ ಸಂಘಟನೆಯ ಒಪ್ಪಂದಕ್ಕೆ ಅನುಗುಣವಾಗಿ 2005ರಿಂದ ಔಷಧಗಳಿಗೂ ನೇರವಾಗಿ ಪೇಟೆಂಟು ಕೊಡುವ ಪದ್ಧತಿ ಬಂದಿದೆ. ಆ ವಿಷಯದ ವಾದವಿವಾದಗಳು ಬೇರೆ. ಗುರಿಯ ಮೇಲಿನ ಹಕ್ಕಿಗೂ ದಾರಿಯ ಮೇಲಿನ ಹಕ್ಕಿಗೂ ಎಷ್ಟು ಅಂತರವಿದೆಯೆಂಬುದು ಇಲ್ಲಿ ಮುಖ್ಯ. ಅನಿಮೇಷನ್ ವ್ಯಾಜ್ಯಗಳಲ್ಲಿಯೂ ನ್ಯಾಯಾಲಯಗಳು ಕೊನೆಗೆ ಅಳೆಯುವುದು ಈ ಅಂತರವನ್ನೇ.

ತುಟಿಗಳ ಚಲನೆಯ ಮೊಕದ್ದಮೆ

ಇವುಗಳಲ್ಲಿ ಹೆಚ್ಚು ಚರ್ಚೆಗೆ ಒಳಗಾದದ್ದು ಅಮೆರಿಕದ ಮೆಕ್ರೊ ಎಂಬ ಕಂಪನಿಯು ಬಂದಾಯ್ ನಾಮ್ಕೊ ಮತ್ತಿತರ ವಿಡಿಯೊ ಆಟಗಳ ಕಂಪನಿಗಳ ವಿರುದ್ಧ ಹೂಡಿದ ಮೊಕದ್ದಮೆ. ಎಲೆಕ್ಟ್ರಾನಿಕ್ ಆರ್ಟ್ಸ್, ಆ್ಯಕ್ಟಿವಿಷನ್, ಸೋನಿ, ಡಿಸ್ನಿಗಳಿಗೆ ಸೇರಿದ ಸಂಸ್ಥೆಗಳೂ ಪ್ರತಿವಾದಿಗಳಲ್ಲಿದ್ದವು. ಮೌರಿ ರೋಸೆನ್‌ಫೆಲ್ಡ್ ಎಂಬವರು 1997ರ ಅಕ್ಟೋಬರ್‌ನಲ್ಲಿ ಸಲ್ಲಿಸಿದ ಅರ್ಜಿಗೆ 2001ರಲ್ಲಿಯೂ, ಅದರ ಮುಂದುವರಿಕೆಯಾದ ಅರ್ಜಿಗೆ 2003ರಲ್ಲಿಯೂ ದೊರೆತ ಎರಡು ಪೇಟೆಂಟುಗಳು ವ್ಯಾಜ್ಯದ ವಸ್ತು. ಅನಿಮೇಷನ್ ಪಾತ್ರವು ಮಾತನಾಡುವಾಗ ಅದರ ತುಟಿ ಮತ್ತು ಮುಖ ಯಾವ ಹಾದಿಯಲ್ಲಿ ಚಲಿಸಬೇಕೆಂಬುದನ್ನು ಗಣಕಯಂತ್ರವೇ ನಿರ್ಧರಿಸುವ ವಿಧಾನ ಅವುಗಳಲ್ಲಿತ್ತು.

ಕನ್ನಡದ ಓದುಗರಿಗೆ ಇದನ್ನು ‘ಅಮ್ಮ’ ಎಂಬ ಶಬ್ದದಿಂದ ವಿವರಿಸುವುದು ಸುಲಭ. ‘ಅ’ ಎನ್ನುವಾಗ ಬಾಯಿ ತೆರೆದಿರುತ್ತದೆ. ಪವರ್ಗದ ಅಕ್ಷರಗಳೆಲ್ಲ ಓಷ್ಠ್ಯಗಳಾದುದರಿಂದ ‘ಮ್ಮ’ ಬಂದಾಗ ತುಟಿಗಳು ಕೂಡುತ್ತವೆ. ಒತ್ತಕ್ಷರವಾದುದರಿಂದ ತುಸು ಹೊತ್ತು ಕೂಡಿಯೇ ಇರುತ್ತವೆ. ಬಳಿಕ ಮತ್ತೆ ತೆರೆಯುತ್ತವೆ. ಹಳೆಯ ಕ್ರಮದಲ್ಲಿ ಕಲಾವಿದನು ಧ್ವನಿಮುದ್ರಣವನ್ನು ಕೇಳಿ, ಪ್ರತಿ ಧ್ವನಿಯ ಕಾಲವನ್ನು ಗುರುತಿಸಿ, ಆ ಕ್ಷಣಗಳಲ್ಲಿ ಬಾಯಿಯ ಆಕಾರವನ್ನು ತಾನೇ ನಿಗದಿ ಮಾಡುತ್ತಿದ್ದನು. ನಡುವಿನ ಚೌಕಟ್ಟುಗಳನ್ನು ಮಾತ್ರ ಯಂತ್ರ ತುಂಬುತ್ತಿತ್ತು. ಆದರೆ ಯಂತ್ರ ಒಂದೇ ವೇಗದಲ್ಲಿ ತುಂಬಿದರೆ, ‘ಅ’ ಆರಂಭವಾದ ಗಳಿಗೆಯಿಂದಲೇ ತುಟಿ ಮುಚ್ಚತೊಡಗುತ್ತದೆ. ಜೀವಂತ ಮನುಷ್ಯನ ತುಟಿ ಹಾಗೆ ಮಾಡುವುದಿಲ್ಲ. ‘ಅ’ ಮುಗಿಯುವವರೆಗೂ ತೆರೆದಿದ್ದು ಬಳಿಕ ಥಟ್ಟನೆ ಮುಚ್ಚುತ್ತದೆ. ಇದನ್ನು ಸರಿಪಡಿಸಲು ಕಲಾವಿದನು ಮತ್ತೆ ಮತ್ತೆ ಕೈ ಹಾಕಬೇಕಾಗುತ್ತಿತ್ತು. ಯಾವ ಧ್ವನಿಯ ಹಿಂದೆ ಯಾವ ಧ್ವನಿ ಬಂದರೆ ಚಲನೆ ಯಾವಾಗ ಆರಂಭವಾಗಿ ಯಾವಾಗ ಮುಗಿಯಬೇಕೆಂಬ ನಿಯಮಗಳನ್ನು ಮೊದಲೇ ಬರೆದಿಟ್ಟು, ಅವುಗಳಂತೆ ಯಂತ್ರವೇ ದಾರಿಯನ್ನು ನಿರ್ಧರಿಸುವಂತೆ ಮಾಡಿದ್ದು ರೋಸೆನ್‌ಫೆಲ್ಡ್ ಅವರ ವಿಧಾನದ ವಿಶೇಷ. ಧ್ವನಿಗಳನ್ನು ಉಚ್ಚಾರಣೆಯ ಸ್ಥಾನದಿಂದ ವಿಂಗಡಿಸುವ ಜ್ಞಾನ ನಮ್ಮ ವ್ಯಾಕರಣಕಾರರಿಗೆ ಬಹು ಹಿಂದಿನದು. ಅದರ ಮೇಲೆ ಯಾರೂ ಹಕ್ಕು ಕೇಳಿರಲಿಲ್ಲವೆಂಬುದನ್ನು ಗಮನಿಸಬೇಕು.

ಕ್ಯಾಲಿಫೋರ್ನಿಯಾದ ಜಿಲ್ಲಾ ನ್ಯಾಯಾಲಯವು 2014ರಲ್ಲಿ ಪೇಟೆಂಟುಗಳನ್ನು ಅನೂರ್ಜಿತವೆಂದಿತು. ಅದೇ ವರ್ಷದ ಜೂನ್ 19ರಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ಆಲಿಸ್ ಮೊಕದ್ದಮೆಯಲ್ಲಿ, ಅಮೂರ್ತ ಕಲ್ಪನೆಯೊಂದನ್ನು ಸಾಮಾನ್ಯ ಗಣಕಯಂತ್ರದಲ್ಲಿ ನಡೆಸಿದ ಮಾತ್ರಕ್ಕೆ ಅದು ಪೇಟೆಂಟಿಗೆ ಅರ್ಹವಾಗದೆಂದು ಹೇಳಿತ್ತು. ಆ ನೆರಳಿನಲ್ಲಿ, ‘ನಿಯಮಗಳನ್ನು ಬಳಸಿ ತುಟಿ ಚಲಿಸುವಂತೆ ಮಾಡುವುದು’ ಎಂಬ ಅಮೂರ್ತ ಕಲ್ಪನೆಯ ಮೇಲೆಯೇ ಇಲ್ಲಿ ಹಕ್ಕು ಕೇಳಲಾಗಿದೆ ಎಂಬುದು ಜಿಲ್ಲಾ ನ್ಯಾಯಾಲಯದ ಅಭಿಪ್ರಾಯವಾಗಿತ್ತು.

ಮೇಲ್ಮನವಿಯಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವು 2016ರ ಸೆಪ್ಟೆಂಬರ್ 13ರಂದು ಈ ತೀರ್ಪನ್ನು ತಿರುಗಿಸಿತು. ಕಲಾವಿದನು ಕಣ್ಣಂದಾಜಿನಿಂದ ಮಾಡುತ್ತಿದ್ದ ಕೆಲಸವನ್ನೇ ಯಂತ್ರ ಬೇಗ ಮಾಡುತ್ತಿದೆ ಎಂದಾಗಿದ್ದರೆ ಅದು ಬೇರೆ ಮಾತು. ಇಲ್ಲಿ ಕಲಾವಿದ ಅನುಸರಿಸದಿದ್ದ ನಿರ್ದಿಷ್ಟ ಬಗೆಯ ನಿಯಮಗಳಿವೆ, ಸುಧಾರಣೆ ಬಂದಿರುವುದು ಆ ನಿಯಮಗಳಿಂದ, ತುಟಿ ಚಲಿಸುವಂತೆ ಮಾಡುವ ಇತರ ದಾರಿಗಳು ಇತರರಿಗೆ ತೆರೆದೇ ಇವೆ ಎಂದು ನ್ಯಾಯಾಲಯ ತರ್ಕಿಸಿತು. ತಂತ್ರಾಂಶದ ಪೇಟೆಂಟುಗಳನ್ನು ಪಡೆದಿದ್ದವರಿಗೆ ಈ ತೀರ್ಪು ಸಮಾಧಾನ ತಂದಿತು.

ಆದರೆ ವ್ಯಾಜ್ಯ ಅಲ್ಲಿಗೆ ಮುಗಿಯಲಿಲ್ಲ. ಪೇಟೆಂಟು ಪಡೆಯಲು ಅರ್ಹವಾದದ್ದೆಲ್ಲ ಉಲ್ಲಂಘನೆಯಾಗಿರಬೇಕೆಂದಿಲ್ಲ. ಮೊಕದ್ದಮೆಯು ಕೆಳಗಿನ ನ್ಯಾಯಾಲಯಕ್ಕೆ ಮರಳಿದಾಗ ಚರ್ಚೆಯು ಹಕ್ಕುಕೋರಿಕೆಯ ಒಂದೇ ಶಬ್ದದ ಸುತ್ತ ಸುತ್ತಿತು. ಆ ಶಬ್ದ ‘ವೆಕ್ಟರ್’, ಅಂದರೆ ಸದಿಶ. ಮುಖದ ಮೇಲ್ಮೈಯ ಬಿಂದುಗಳು ಮೂರು ಆಯಾಮಗಳ ಅವಕಾಶದಲ್ಲಿ ಎಷ್ಟು ದೂರ, ಯಾವ ದಿಕ್ಕಿಗೆ ಸರಿಯುತ್ತವೆಂಬುದನ್ನು ಸೂಚಿಸುವ ಸದಿಶವೆಂದು ಪ್ರತಿವಾದಿಗಳು ವಾದಿಸಿದರು. ಕ್ರಮವಾಗಿ ಜೋಡಿಸಿದ ಯಾವುದೇ ಅಂಕಿಗಳ ಸಾಲೂ ವೆಕ್ಟರ್ ಎನಿಸುತ್ತದೆಂದು ಮೆಕ್ರೊ ವಾದಿಸಿತು. ಆಟಗಳನ್ನು ತಯಾರಿಸಿದವರು ಬಳಸಿದ್ದು ಬೇರೆಯ ತಂತ್ರ. ಮುಖದ ಒಳಗೆ ಕಾಲ್ಪನಿಕ ಎಲುಬುಗಳನ್ನು ಇಟ್ಟು, ಅವುಗಳನ್ನು ತಿರುಗಿಸಿ, ಮೇಲಿನ ಚರ್ಮ ಅವುಗಳೊಡನೆ ಸಾಗುವಂತೆ ಅವರು ಮಾಡಿದ್ದರು. ತೊಗಲುಗೊಂಬೆಯ ಕೋಲನ್ನು ಆಡಿಸಿದರೆ ಗೊಂಬೆಯ ಕೈ ಆಡುವಂತೆ ಇದು. ನೋಡುವವರ ಕಣ್ಣಿಗೆ ಫಲಿತಾಂಶ ಒಂದೇ ಬಗೆಯದಾಗಿ ಕಂಡರೂ ದಾರಿ ಒಂದೇ ಆಗಿರಲಿಲ್ಲ. 2020ರ ಮೇ 20ರಂದು ಫೆಡರಲ್ ಸರ್ಕ್ಯೂಟ್ ನ್ಯಾಯಾಲಯವು ಪ್ರತಿವಾದಿಗಳ ಅರ್ಥವನ್ನೇ ಒಪ್ಪಿ, ಉಲ್ಲಂಘನೆಯಾಗಿಲ್ಲವೆಂಬ ತೀರ್ಪನ್ನು ಎತ್ತಿಹಿಡಿಯಿತು. ಪೇಟೆಂಟು ಅಸಿಂಧುವೆಂದು ಕೆಳಗಿನ ನ್ಯಾಯಾಲಯ ಹೇಳಿದ್ದ ಭಾಗವನ್ನು ಮಾತ್ರ ರದ್ದುಪಡಿಸಿತು.

ಚಲಿಸುವ ಚಿತ್ರಗಳಿಗೆ ಸಂಬಂಧಿಸಿದ ಇನ್ನೊಂದು ವಿವಾದ ಇದಕ್ಕಿಂತ ಹೆಚ್ಚು ಜನರನ್ನು ತಟ್ಟಿತ್ತು. ‘ಗಿಫ್’ ಎಂಬ ಚಿತ್ರ ಕಡತಗಳಲ್ಲಿ ಬಳಕೆಯಾಗುವ ಸಂಕೋಚನ ವಿಧಾನದ ಮೇಲೆ ಯೂನಿಸಿಸ್ ಕಂಪನಿಗೆ 1985ರಲ್ಲಿ ಮಂಜೂರಾದ ಪೇಟೆಂಟಿನ ಹಕ್ಕಿತ್ತು. ಅದು ತಿಳಿಯದೆಯೇ ಆ ಕಡತಗಳು ಎಲ್ಲೆಡೆ ಹರಡಿದ್ದವು. 1994ರ ಕೊನೆಯಲ್ಲಿ ತಂತ್ರಾಂಶ ತಯಾರಕರು ಪರವಾನಗಿ ಪಡೆಯಬೇಕೆಂದು ಪ್ರಕಟವಾದಾಗ ಗೊಂದಲವೆದ್ದಿತು. ಕೆಲವೇ ತಿಂಗಳುಗಳಲ್ಲಿ ತಜ್ಞರು ಕೂಡಿ, ಪೇಟೆಂಟಿಗೆ ಒಳಪಡದ ಬೇರೆ ಸಂಕೋಚನ ವಿಧಾನವನ್ನು ಬಳಸಿ ‘ಪಿಎನ್‌ಜಿ’ ಎಂಬ ಹೊಸ ಕಡತ ರೂಪವನ್ನು ಸಿದ್ಧಪಡಿಸಿದರು. ಅಮೆರಿಕದಲ್ಲಿ ಆ ಪೇಟೆಂಟು 2003ರ ಜೂನ್‌ನಲ್ಲಿ ಮುಗಿಯಿತು.

ಭಾರತದ ಕಾನೂನು

ಇಂತಹ ವಿಧಾನಕ್ಕೆ ಭಾರತದಲ್ಲಿ ಅರ್ಜಿ ಬಂದರೆ ಅದು ಮೊದಲು 1970ರ ಕಾಯಿದೆಯ 3ನೆಯ ಪ್ರಕರಣವನ್ನು ದಾಟಬೇಕಾಗುತ್ತದೆ. ಯಾವುವು ಆವಿಷ್ಕಾರಗಳಲ್ಲವೆಂದು ಹೇಳುವ ಈ ಪ್ರಕರಣಕ್ಕೆ 2002ರ ತಿದ್ದುಪಡಿಯಿಂದ ಕೆಲವು ಖಂಡಗಳು ಸೇರಿ, 2003ರ ಮೇ 20ರಿಂದ ಜಾರಿಗೆ ಬಂದವು. (ಕೆ) ಖಂಡದಂತೆ ಗಣಿತದ ಅಥವಾ ವ್ಯವಹಾರದ ವಿಧಾನ, ಬರಿಯ ಗಣಕ ಕಾರ್ಯಕ್ರಮ ಮತ್ತು ಕ್ರಮವಿಧಿಗಳಿಗೆ ಪೇಟೆಂಟು ಇಲ್ಲ. (ಎಲ್) ಖಂಡವು ಸಾಹಿತ್ಯ, ನಾಟಕ, ಸಂಗೀತ, ಕಲಾಕೃತಿಗಳನ್ನೂ ಚಲನಚಿತ್ರ ಮತ್ತು ದೂರದರ್ಶನ ನಿರ್ಮಾಣಗಳನ್ನೂ ಹೊರಗಿಡುತ್ತದೆ. ಆಟವಾಡುವ ವಿಧಾನಗಳನ್ನು (ಎಂ) ಖಂಡ ಹೊರಗಿಟ್ಟಿದೆ. ಅನಿಮೇಷನ್ ಕ್ಷೇತ್ರದವರು ಬಹುಮಟ್ಟಿಗೆ (ಕೆ) ಖಂಡವನ್ನು ಮಾತ್ರ ಚರ್ಚಿಸುತ್ತಾರೆ. (ಎಲ್) ಖಂಡವೂ ಅವರ ಬಾಗಿಲಲ್ಲೇ ನಿಂತಿದೆ.

(ಕೆ) ಖಂಡದಲ್ಲಿರುವ ‘ಬರಿಯ’ ಎಂಬ ಅರ್ಥದ ಲ್ಯಾಟಿನ್ ಮಾತೇ ಎಲ್ಲ ವಾದಗಳಿಗೂ ಮೂಲ. ಕಾರ್ಯಕ್ರಮವು ಬರಿಯ ಕಾರ್ಯಕ್ರಮವಾಗಿ ಉಳಿಯದೆ ತಾಂತ್ರಿಕ ಪರಿಣಾಮವನ್ನು ಉಂಟುಮಾಡಿದರೆ? 2004ರ ಡಿಸೆಂಬರ್‌ನ ಸುಗ್ರೀವಾಜ್ಞೆಯು ಉದ್ಯಮದಲ್ಲಿ ತಾಂತ್ರಿಕ ಅನ್ವಯವಿರುವ, ಇಲ್ಲವೆ ಯಂತ್ರಾಂಶದೊಡನೆ ಕೂಡಿರುವ ಕಾರ್ಯಕ್ರಮಗಳಿಗೆ ಸ್ಪಷ್ಟವಾಗಿ ಅವಕಾಶ ಕೊಟ್ಟಿತ್ತು. 2005ರಲ್ಲಿ ಸಂಸತ್ತು ತಿದ್ದುಪಡಿ ಕಾಯಿದೆಯನ್ನು ಅಂಗೀಕರಿಸುವಾಗ ಆ ಮಾತನ್ನು ಕೈಬಿಟ್ಟು ಹಳೆಯ ರೂಪವನ್ನೇ ಉಳಿಸಿಕೊಂಡಿತು. ಬಳಿಕ ಪರೀಕ್ಷಕರ ಮಾರ್ಗಸೂಚಿಗಳೂ ಏರಿಳಿದವು. 2016ರ ಫೆಬ್ರವರಿಯ ಮಾರ್ಗಸೂಚಿಯು ಹೊಸ ಯಂತ್ರಾಂಶವಿರಬೇಕೆಂದು ಕೇಳಿತು. 2017ರ ಜೂನ್‌ನಲ್ಲಿ ಆ ನಿಬಂಧನೆಯನ್ನು ತೆಗೆಯಲಾಯಿತು.

ದೆಹಲಿ ಉಚ್ಚ ನ್ಯಾಯಾಲಯವು 2019ರ ಡಿಸೆಂಬರ್ 12ರಂದು ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ವಿಷಯದಲ್ಲಿ ದಾರಿ ತೋರಿಸಿತು. ಜಾಲದಲ್ಲಿನ ಮಾಹಿತಿಯನ್ನು ಪಡೆಯುವ ವಿಧಾನವೊಂದಕ್ಕೆ ಅಲ್ಲಾನಿಯವರು 2002ರಲ್ಲಿ ಭಾರತದಲ್ಲಿ ಅರ್ಜಿ ಸಲ್ಲಿಸಿದ್ದರು. ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಕೊಡುಗೆಯನ್ನು ತೋರಿಸಿದರೆ ಗಣಕ ಕಾರ್ಯಕ್ರಮವನ್ನು ಆಧರಿಸಿದ ಆವಿಷ್ಕಾರಕ್ಕೂ ಪೇಟೆಂಟು ದೊರೆಯಬಹುದೆಂದು ಹೇಳಿ ನ್ಯಾಯಾಲಯವು ಅರ್ಜಿಯ ಮರುಪರಿಶೀಲನೆಗೆ ಆದೇಶಿಸಿತು. ಪೇಟೆಂಟು ಮಂಜೂರಾಗುವ ಹೊತ್ತಿಗೆ 2020 ಬಂದಿತ್ತು. 20 ವರ್ಷಗಳ ಅವಧಿಯಲ್ಲಿ ಬಹುಪಾಲು ಅದಾಗಲೇ ಕಳೆದುಹೋಗಿತ್ತು.

ಮತ್ತೆ ಬಾಲಾನಗರದ ಪರದೆಗೆ ಬಂದರೆ ತೊಡಕು ಸ್ಪಷ್ಟವಾಗುತ್ತದೆ. ಉಪಕರಣದ ಚಲನಪಥವನ್ನು ಹೊಸ ಬಗೆಯಲ್ಲಿ ಲೆಕ್ಕಹಾಕಿ, ಅದರಿಂದ ಯಂತ್ರದ ಕಂಪನ ಕಡಿಮೆಯಾಗುತ್ತದೆ, ಉಪಕರಣ ಹೆಚ್ಚು ಕಾಲ ಬಾಳುತ್ತದೆ ಎಂದು ತೋರಿಸುವವನಿಗೆ ತಾಂತ್ರಿಕ ಪರಿಣಾಮದ ಮಾತು ಸುಲಭ. ಲೋಹದ ಮೇಲೆ ಅದನ್ನು ಅಳೆಯಬಹುದು. ಅದೇ ವಕ್ರರೇಖೆಯಿಂದ ಪರದೆಯ ಮೇಲಿನ ಗೊಂಬೆಯ ನಡಿಗೆ ಹೆಚ್ಚು ಸಹಜವಾಗಿ ಕಾಣುತ್ತದೆಂದು ಹೇಳುವವನು, ಅದು ಅಂದದ ಮಾತಲ್ಲ, ತಂತ್ರದ ಮಾತು ಎಂದು ಮನಗಾಣಿಸಬೇಕು. ಲೆಕ್ಕದ ಹೊರೆ ಇಳಿಯಿತೆಂದೋ ಸ್ಮೃತಿಯ ಬಳಕೆ ಕಡಿಮೆಯಾಯಿತೆಂದೋ ತೋರಿಸಿದರೆ ಅವನ ಕೈ ಬಲವಾಗುತ್ತದೆ. ಬರಿಯ ಸೊಗಸನ್ನು ನೆಚ್ಚಿದರೆ ಅರ್ಜಿ ನಿಲ್ಲುವುದು ಕಷ್ಟ.

ಸಣ್ಣ ಸಂಸ್ಥೆಗಳು ಗಮನಿಸಬೇಕಾದ ಅಂಶಗಳು

ಪೇಟೆಂಟಿನ ಹಕ್ಕು ಆಯಾ ದೇಶಕ್ಕೆ ಸೀಮಿತವಾದುದು. ಅಮೆರಿಕದಲ್ಲಿ ಮಾತ್ರ ಪಡೆದ ಪೇಟೆಂಟಿನ ಬಲದಿಂದ ಹೈದರಾಬಾದಿನಲ್ಲಿ ನಡೆಯುವ ಕೆಲಸವನ್ನು ಇಲ್ಲಿನ ನ್ಯಾಯಾಲಯದಲ್ಲಿ ತಡೆಯಲಾಗದು. ಆದರೆ ತಯಾರಾದ ಆಟವನ್ನೋ ತಂತ್ರಾಂಶವನ್ನೋ ಆ ದೇಶದಲ್ಲಿ ಮಾರುವಾಗ ಅಲ್ಲಿಯ ಕಾನೂನು ಅನ್ವಯಿಸುತ್ತದೆ. ವಿದೇಶಿ ಕಂಪನಿಗಳ ಗುತ್ತಿಗೆ ಕೆಲಸ ಮಾಡುವವರು, ಪೇಟೆಂಟು ಉಲ್ಲಂಘನೆಯ ನಷ್ಟವನ್ನು ಯಾರು ಭರಿಸಬೇಕೆಂದು ಕರಾರುಪತ್ರದಲ್ಲಿ ಬರೆದಿದೆಯೆಂಬುದನ್ನು ಸಹಿ ಹಾಕುವ ಮುನ್ನ ಓದಿಕೊಳ್ಳುವುದು ಲೇಸು. ದೊಡ್ಡ ಕಂಪನಿಯು ವರ್ಷಗಟ್ಟಲೆ ಮೊಕದ್ದಮೆ ನಡೆಸಬಲ್ಲದು. ಹತ್ತು ಜನರ ಸಂಸ್ಥೆಗೆ ಒಂದು ನೋಟಿಸು ಬಂದರೂ ಸಂಬಳದ ಹಣವೇ ಕರಗಬಹುದು.

ಕೃತಿಸ್ವಾಮ್ಯಕ್ಕೂ ಪೇಟೆಂಟಿಗೂ ಇರುವ ವ್ಯತ್ಯಾಸವನ್ನು ಬೆರೆಸಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯಡಿ ಪಾತ್ರದ ಚಿತ್ರಕ್ಕೂ, ತಯಾರಾದ ಚಲನಚಿತ್ರಕ್ಕೂ, ಸಾಹಿತ್ಯಕೃತಿಯೆಂಬ ಹೆಸರಿನಲ್ಲಿ ಗಣಕ ಕಾರ್ಯಕ್ರಮದ ಬರಹಕ್ಕೂ ರಕ್ಷಣೆಯಿದೆ. ಇದಕ್ಕೆ ನೋಂದಣಿ ಕಡ್ಡಾಯವಲ್ಲ. ಆದರೆ ಅದೇ ಪರಿಣಾಮವನ್ನು ಬೇರೊಬ್ಬನು ತನ್ನದೇ ಬರಹದಿಂದ ಸಾಧಿಸಿದರೆ ಕೃತಿಸ್ವಾಮ್ಯ ಅವನನ್ನು ತಡೆಯುವುದಿಲ್ಲ.

ಕರ್ನಾಟಕ, ತೆಲಂಗಾಣ ಮತ್ತು ಆಂಧ್ರಪ್ರದೇಶಗಳ ಅರ್ಜಿದಾರರು ಸಂಬಂಧಪಡುವುದು ಚೆನ್ನೈನ ಪೇಟೆಂಟು ಕಚೇರಿಗೆ. ಭಾರತದಲ್ಲಿ ವಾಸಿಸುವವರು ಹೊರದೇಶದಲ್ಲಿ ಅರ್ಜಿ ಸಲ್ಲಿಸಬೇಕಾದರೆ 39ನೆಯ ಪ್ರಕರಣದಂತೆ ಮೊದಲು ಅನುಮತಿ ಪಡೆಯಬೇಕು. ಇಲ್ಲವೆ ಭಾರತದಲ್ಲಿ ಅರ್ಜಿ ಸಲ್ಲಿಸಿ ಆರು ವಾರ ಕಾಯಬೇಕು. ಹೊಸ ವಿಧಾನವನ್ನು ಸಮ್ಮೇಳನದಲ್ಲಿಯೋ ಪ್ರಾತ್ಯಕ್ಷಿಕೆಯ ಚಿತ್ರದಲ್ಲಿಯೋ ವಿವರಿಸಿದ ಬಳಿಕ ಅರ್ಜಿ ಸಲ್ಲಿಸಹೊರಟರೆ, ಹೊಸತನ ಕಳೆದುಹೋಯಿತೆಂಬ ಆಕ್ಷೇಪಣೆ ಬರುತ್ತದೆ. ಉತ್ಸಾಹದಲ್ಲಿ ಈ ತಪ್ಪು ಮಾಡುವವರು ಬಹಳ ಮಂದಿ.

ಇನ್ನೊಬ್ಬರ ಅರ್ಜಿಯನ್ನು ಪ್ರಶ್ನಿಸುವ ಅವಕಾಶವೂ ಕಾಯಿದೆಯಲ್ಲಿದೆ. ಸಾಮಾನ್ಯವಾಗಿ 18 ತಿಂಗಳು ಕಳೆದ ಮೇಲೆ ಅರ್ಜಿಯು ಪೇಟೆಂಟು ಕಚೇರಿಯ ಪತ್ರಿಕೆಯಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದಂದಿನಿಂದ ಮಂಜೂರಾಗುವವರೆಗೆ, ಇದು ಹೊಸದಲ್ಲವೆಂದೋ 3ನೆಯ ಪ್ರಕರಣದಡಿ ಬರುತ್ತದೆಂದೋ ಯಾರು ಬೇಕಾದರೂ 25ನೆಯ ಪ್ರಕರಣದಂತೆ ಲಿಖಿತವಾಗಿ ವಿರೋಧಿಸಬಹುದು. ಮಂಜೂರಾತಿಯು ಪ್ರಕಟವಾದ ಒಂದು ವರ್ಷದೊಳಗೆ ಹಿತಾಸಕ್ತಿಯುಳ್ಳವರು ಮತ್ತೆ ವಿರೋಧಿಸಬಹುದು. ಆ ಬಳಿಕವೂ ರದ್ದತಿಗಾಗಿ ಉಚ್ಚ ನ್ಯಾಯಾಲಯದ ಮೊರೆಹೋಗಲು 64ನೆಯ ಪ್ರಕರಣ ಅವಕಾಶ ಕೊಡುತ್ತದೆ. ಇಂತಹ ವಿರೋಧಕ್ಕೆ ಬಲ ಕೊಡುವುದು ಹಳೆಯ ದಾಖಲೆಗಳು. ಯಾವ ವರ್ಷ ಯಾವ ವಿಧಾನವನ್ನು ಬಳಸಿದೆವೆಂದು ದಿನಾಂಕ ಸಹಿತ ಬರೆದಿಟ್ಟ ಕಾರ್ಯಾಗಾರದ ಪುಸ್ತಕ, ಪ್ರಕಟವಾದ ಲೇಖನ, ಹಳೆಯ ತರಬೇತಿ ಕೈಪಿಡಿ ಇವು ಇಂತಹ ಸಂದರ್ಭದಲ್ಲಿ ಬೆಲೆಬಾಳುತ್ತವೆ. ಇವುಗಳಲ್ಲಿ ಸಾರ್ವಜನಿಕರಿಗೆ ದೊರೆಯುವಂತಿದ್ದ ಬರಹಕ್ಕೆ ಹೆಚ್ಚಿನ ತೂಕ.

ಅವಧಿ ಮುಗಿದ ಪೇಟೆಂಟುಗಳ ಬರಹವನ್ನು ಓದಿ ಬಳಸಲು ಯಾರ ಅಪ್ಪಣೆಯೂ ಬೇಕಿಲ್ಲ. ಪಾರ್ಸನ್ಸ್ ಅವರ ಪೇಟೆಂಟು ಎಂದೋ ಸಾರ್ವಜನಿಕರದಾಗಿದೆ. ತುಟಿಗಳ ಚಲನೆಯ ಮೊದಲ ಪೇಟೆಂಟಿನ 20 ವರ್ಷಗಳು 2017ರ ಅಕ್ಟೋಬರ್‌ನಲ್ಲಿ ಮುಗಿದುವು. ಅದರ ಬಗ್ಗೆ 2020ರಲ್ಲಿ ತೀರ್ಪು ಬರುವ ಹೊತ್ತಿಗೆ ವಾದಿ ಪ್ರತಿವಾದಿಗಳು ಹೋರಾಡುತ್ತಿದ್ದುದು ಕಳೆದುಹೋದ ವರ್ಷಗಳ ಹಣಕ್ಕಾಗಿ. ಅದರಲ್ಲಿ ಬರೆದ ನಿಯಮಗಳು ಆಗಲೇ ಓದಬಲ್ಲ ಎಲ್ಲರ ಕೈಗೆ ಬಂದಿದ್ದವು.